ಬಕೆಟ್ಟಿನೊಳಗೆ ಹನ್ನೆರಡು

ಮೊದಲ ತಪ್ಪು ಎಬೆರ್‌ನದು.
ಬಿಚ್ಚಿದ ರಾಕರ್‌ಗಳನ್ನು ಹಲಗೆಯ ಮೇಲೆ ಸಾಲಾಗಿಟ್ಟು
ಸೀಮೆಸುಣ್ಣದಲ್ಲಿ ಸಂಖ್ಯೆ ಬರೆಯಬೇಕಿತ್ತು.
ಹುಡುಗ ಹನ್ನೆರಡನ್ನೂ
ಸೀಮೆಎಣ್ಣೆಯ ಬಕೆಟ್ಟಿಗೆ ಸುರಿದು
ಹೊಳೆಗೆ ಈಜಲು ಹೋದ.

ಪಾಯ್ಸಂದೂ ಊರಲ್ಲಿ ಜನವರಿಯೆಂದರೆ ತಗಡು ಕಾಯುವ ಬಿಸಿಲು.
ಸುಲ್ಮಾ ಬಯ್ಯಲಿಲ್ಲ. ಬಯ್ಯುವುದಕ್ಕೂ
ಕೈ ಖಾಲಿ ಇರಬೇಕು.
ಸೋರೆಬುರುಡೆಗೆ ಬಿಸಿನೀರು ಬಗ್ಗಿಸಿ
ಕಹಿ ಎಲೆಯ ಕಷಾಯ ಹೀರುತ್ತ
ಬಕೆಟ್ಟಿನೊಳಗೆ ಬಗ್ಗಿ ನೋಡಿದಳು.

ಲಾರಿ ಅದೆಮಾರನದು. ಐವತ್ತೇಳನೇ ಇಸವಿಯ ಷೆವ್ರೊಲೆ,
ಆರು ಸಿಲಿಂಡರು, ಜೇನುಪೆಟ್ಟಿಗೆ ಹೊರುವ ಕಸುಬು.
ಅದೂ ರಾತ್ರಿಯೇ, ಹುಳುಗಳೆಲ್ಲ ಗೂಡು ಸೇರಿದ ಮೇಲೆ,
ನೀಲಗಿರಿ ತೋಪು ಹೂ ಬಿಡುವ ಕಡೆಗೆ.
ಹೋದ ವರ್ಷ ಇಂಜಿನ್ನಿನ ನೆತ್ತಿಯಲ್ಲಿ ಟಕಟಕ ಶುರುವಾಗಿ
ದಾರಿಯುದ್ದಕ್ಕೂ ಪೆಟ್ಟಿಗೆಗಳು ಗುರುಗುಟ್ಟಿದ್ದವು.
ಇಳಿಸುವ ಹೊತ್ತಿಗೆ ಅವನ ಕಿವಿ, ತುಟಿ, ರೆಪ್ಪೆ
ಊದಿ ಹಲಸಿನ ತೊಳೆ.
"ಶಕ್ತಿ ಬೇಡ," ಅಂದಿದ್ದ, "ಸದ್ದು ಇಳಿಸಿಕೊಡು."

ಎಬೆರ್ ಗೋಡೆಗೆ ಅಂಟಿಸಿಕೊಂಡ ಚಿತ್ರವೇ ಬೇರೆ:
ಅಲ್ಯೂಮಿನಿಯಂ ರಾಕರ್, ತುದಿಗೆ ಪುಟ್ಟ ಉರುಳೆ,
ಹೊಸ ಕಾಲುಂಗುರದ ಹಾಗೆ ಥಳಥಳ.
"ಅನುಪಾತ ಹೆಚ್ಚು. ವಾಲ್ವು ಇನ್ನೂ ಮೇಲಕ್ಕೇಳುತ್ತೆ."
"ಏಳುತ್ತೆ. ಸ್ಪ್ರಿಂಗು ಸುರುಳಿಗೆ ಸುರುಳಿ ತಾಗಿ
ಇನ್ನು ಕುಗ್ಗಲಾರೆ ಅಂದಾಗ
ಬಾಗೋದು ಯಾರು? ಪುಶ್‌ರಾಡು. ಪಾಪದ ಕಡ್ಡಿ."

ಗಡಿಯಾಚೆಯಿಂದ ತರಿಸಿದ ಅಗ್ಗದ ಹೊಸ ಸೆಟ್ಟೂ ಇತ್ತು.
ಸುಲ್ಮಾ ಅರ ಹಿಡಿದು ಒಂದರ ಮುಖಕ್ಕೆ ಗೀರಿದಳು.
ಅರ ಕಚ್ಚಿತು. ಜಾರಬೇಕಿತ್ತು.
ಪೊಟ್ಟಣ ಮುಚ್ಚಿ ಮೂಲೆಗಿಟ್ಟಳು.

ಏತವೇ ತಾನೇ ಇದು?
ಈ ತುದಿ ಎತ್ತಿದರೆ ಆ ತುದಿ ತಗ್ಗಿ
ಬೆಂಕಿಯ ಮನೆಗೆ ಬಾಗಿಲು ತೆರೆಯುತ್ತದೆ.
ನಡುವಿನ ಕೀಲು ಎಲ್ಲಿಗೂ ಹೋಗುವುದಿಲ್ಲ,
ಕೂತಲ್ಲೇ ಸವೆಯುತ್ತದೆ.

ಮೂರು ರಾತ್ರಿ.
ಎಡಕ್ಕೆ ವಾಲಿದವು ಆರು, ಬಲಕ್ಕೆ ಆರು, ಅಷ್ಟು ಸುಲಭ.
ಆಮೇಲೆ ಒಂದೊಂದರ ಮುಖದ ಗುಳಿ
ಯಾವ ವಾಲ್ವಿನ ಪೆಟ್ಟಿನದೆಂದು
ಭೂತಗನ್ನಡಿ, ಟಾರ್ಚು, ಉಗುರು.
ಹೊಂದಿದ್ದನ್ನು ಕಲ್ಲಿಗೆ ಹದವಾಗಿ ಉಜ್ಜಿ
ವಾಲ್ವಿನ ತುದಿಗೆ ನೀಲಿ ಶಾಯಿ ಬಳಿದು
ಎರಡು ಸುತ್ತು ತಿರುಗಿಸಿ, ಎತ್ತಿ ನೋಡು:
ಶಾಯಿ ಅಳಿಸಿದ್ದು ನಟ್ಟನಡುವೆ, ಸಣ್ಣ ಗೆರೆಯಾಗಿದ್ದರೆ
ಇದು ಇದರ ಮನೆ.
ಅಂಚಿಗೆ ಸರಿದಿದ್ದರೆ ಬಿಚ್ಚು, ಇನ್ನೊಂದು.
ಬಿಚ್ಚು. ಇನ್ನೊಂದು.
ಎಬೆರ್ ಈಗ ಹೊಳೆಗೆ ಹೋಗುತ್ತಿರಲಿಲ್ಲ.
ಸೀಮೆಸುಣ್ಣ ಅವನ ಕಿವಿಯ ಸಂದಿಯಲ್ಲಿತ್ತು.

ಹನ್ನೊಂದಕ್ಕೆ ಮನೆ ಸಿಕ್ಕಿತು.
ಹನ್ನೆರಡನೆಯದರ ಮುಖ ಸಿಡುಬು ಬಡಿದಂತಿತ್ತು,
ಉಜ್ಜಿದಷ್ಟೂ ಗುಳಿ.
ಸೇತುವೆಯಾಚೆ, ಅರ್ಜೆಂಟೀನಾದ ಕಡೆ,
ಸಂದಾಲಿಯೊ ಮುದುಕನ ಗುಜರಿ ಅಂಗಡಿಯಿಂದ
ಹುಡುಗ ಸೈಕಲ್ಲಿನಲ್ಲಿ ನಾಲ್ಕು ತಂದ, ಜೇಬು ಜೋತುಬಿದ್ದಿತ್ತು.
ಸುಲ್ಮಾ ಆರಿಸಿದ್ದು ಅತಿ ಕರಿಯದನ್ನು.
ಯಾರದೋ ಲಾರಿಯಲ್ಲಿ ಯಾವುದೋ ಹೊಲಗಳ ನಡುವೆ
ಸಮವಾಗಿ ಸವೆದದ್ದು.

ಶುಕ್ರವಾರ ರಾತ್ರಿ ಎಂಬತ್ತು ಪೆಟ್ಟಿಗೆ ಹೇರಿ ಲಾರಿ ಹೊರಟಿತು.
ಬಾಗಿಲಲ್ಲಿ ನಿಂತು ಕೇಳಿಸಿಕೊಂಡಳು.
ಹನ್ನೊಂದು ಮಾತೆತ್ತಲಿಲ್ಲ.
ಒಂದು ಮಾತ್ರ, ಬೀಗರ ಮನೆಗೆ ಹೊಸದಾಗಿ ಬಂದವನಂತೆ,
ಆಗಾಗ ಗಂಟಲು ಸರಿಮಾಡಿಕೊಳ್ಳುತ್ತಿತ್ತು.

"ಒಂದು ಕೂದಲೆಳೆ ಬಿಗಿ ಮಾಡಬಹುದಿತ್ತು," ಅಂದ ಎಬೆರ್.
"ಬಿಗಿದರೆ ವಾಲ್ವು ಪೂರ್ತಿ ಮುಚ್ಚದೆ ಸುಡುತ್ತೆ.
ಗೊಣಗುವ ರಾಕರ್ ಬಗ್ಗೆ ಚಿಂತೆ ಬೇಡ.
ತೀರಾ ಸುಮ್ಮನಾದರೆ ನನ್ನನ್ನು ಎಬ್ಬಿಸು."

ಲಾರಿ ತಿರುವು ದಾಟಿತು. ಸದ್ದು ಇಂಜಿನ್ನಿನದೋ ಹುಳುಗಳದೋ
ಅಷ್ಟು ದೂರದಿಂದ ಹೇಳುವಂತಿರಲಿಲ್ಲ.
ಹುಡುಗ ಬಕೆಟ್ಟು ತೊಳೆದು
ಗೋಡೆಯ ಬದಿಗೆ ಬೋರಲು ಹಾಕಿದ.